ಮೂರು ವರ್ಷ ಡಿಆರ್‌ಎಂ ಬಳಸಿದೆ: ಬೀಗ ಗಟ್ಟಿ, ಆದರೆ ಸೂಜಿ ಕಾಣಬೇಕಲ್ವಾ?

"ಮೇಡಂ, ಕಾಜಾ ಹೊಲಿಯುವಾಗ ನೂಲು ಸೂಜಿಯ ಯಾವ ಕಡೆಯಿಂದ ಸುತ್ತುತ್ತೆ ಅಂತಾನೇ ಕಾಣಿಸ್ತಿಲ್ಲ."

ವಿಡಿಯೋಗೆ ಡಿಆರ್‌ಎಂ, ಅಂದರೆ ಯಾರೂ ನಕಲು ಮಾಡದಂತೆ ಬೀಗ, ಹಾಕಿಕೊಡುವ ಈ ಸೇವೆಗೆ ಸೇರಿದ ಮೊದಲ ತಿಂಗಳು ನನಗೆ ಬಂದ ಮೆಸೇಜು ಇದು. ಇಂಥವು ಹತ್ತಾರು ಬಂದವು. ನಾನು ಆನ್‌ಲೈನಿನಲ್ಲಿ ಹೊಲಿಗೆ ಕಲಿಸುತ್ತೇನೆ. ವಿಡಿಯೋ ತೆಗೆದದ್ದು 1080ಪಿಯಲ್ಲಿ. ಅವರ ಫೋನಿಗೆ ತಲುಪುತ್ತಿದ್ದದ್ದು 480ಪಿ. ಹೊಲಿಗೆ ಪಾಠದಲ್ಲಿ ಸೂಜಿಯೇ ಮಸುಕಾದರೆ ಇನ್ನೇನು ಉಳಿಯಿತು?

ಡಿಆರ್‌ಎಂ ಬೇಕು ಅನ್ನಿಸಿದ್ದಕ್ಕೆ ಕಾರಣ ಇತ್ತು. ಮೊದಲು ನನ್ನ ಪಾಠಗಳಿಗೆ ಬರೀ ಎಇಎಸ್-128 ಅನ್ನುವ ಗೂಢಲಿಪಿಯ ಬೀಗ ಹಾಕಿದ ಎಚ್‌ಎಲ್‌ಎಸ್ (ವಿಡಿಯೋವನ್ನು ತುಂಡು ತುಂಡಾಗಿ ಕಳಿಸುವ ರೀತಿ) ಇತ್ತು. ಅದರಲ್ಲಿ ಕೀಲಿ ನೇರವಾಗಿ ಪ್ಲೇಯರಿನ ಕೈಗೇ ಬರುತ್ತದೆ. ಲಾಗಿನ್ ಇರುವವರು ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಹಾಕಿದರೆ ಮುಗಿಯಿತು, ಇಡೀ ಕೋರ್ಸು ಡೌನ್‌ಲೋಡ್. ನನ್ನ ಕಾಲರ್ ಪಾಠ ಹಾಗೇ ಹೊರಗೆ ಹೋಗಿ ಮೆಸೇಜ್ ಗ್ರೂಪುಗಳಲ್ಲಿ ತಿರುಗುತ್ತಿತ್ತು. ನೋಡಿ ಎರಡು ದಿನ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಡಿಆರ್‌ಎಂನಲ್ಲೂ ಬೀಗ ಅದೇ ಎಇಎಸ್. ವ್ಯತ್ಯಾಸ ಇರುವುದು ಕೀಲಿ ಕೊಡುವ ರೀತಿಯಲ್ಲಿ. ನೋಡಲು ಅನುಮತಿ ಕೊಡುವ ಲೈಸೆನ್ಸ್ ಸರ್ವರ್ ಕಳಿಸುವ ಕೀಲಿಯನ್ನು ಸಾಧನದ ಒಳಗಿರುವ ಸಿಡಿಎಂ ಅನ್ನುವ ಭಾಗ ಮಾತ್ರ ಬಿಚ್ಚುತ್ತದೆ. ವೆಬ್ ಪುಟದ ಕೋಡಿಗೆ ಅದು ಸಿಗುವುದಿಲ್ಲ. ಸಾಧನಕ್ಕೆ ತಕ್ಕಂತೆ ಡಿಆರ್‌ಎಂ ಬೇರೆ: ಆಂಡ್ರಾಯ್ಡ್ ಮತ್ತು ಕ್ರೋಮಿಗೆ ವೈಡ್‌ವೈನ್, ಐಫೋನ್ ಮತ್ತು ಸಫಾರಿಗೆ ಫೇರ್‌ಪ್ಲೇ, ವಿಂಡೋಸಿನ ಎಡ್ಜ್‌ಗೆ ಪ್ಲೇರೆಡಿ. ಮೂರನ್ನೂ ಈ ಸೇವೆ ಒಟ್ಟಿಗೆ ನೋಡಿಕೊಳ್ಳುತ್ತದೆ. ಫೇರ್‌ಪ್ಲೇಗೆ ಮಾತ್ರ ಆಪಲ್‌ಗೆ ನಾವೇ ಅರ್ಜಿ ಹಾಕಿ ಸರ್ಟಿಫಿಕೇಟ್ ತರಿಸಿಕೊಳ್ಳಬೇಕು. ಉಳಿದದ್ದೆಲ್ಲ ಅವರ ಸೌಲಭ್ಯಗಳ ಪಟ್ಟಿಯಲ್ಲೇ ಇದೆ, ನೋಡಿಕೊಳ್ಳಿ.

ಪಟ್ಟಿಯಲ್ಲಿ ಇಲ್ಲದ ವಿಷಯ ಈ 480ಪಿ.

ವೈಡ್‌ವೈನಿನಲ್ಲಿ ಹಂತಗಳಿವೆ. ಎಲ್1 ಅಂದರೆ ಬೀಗ ತೆಗೆಯುವುದು, ಚಿತ್ರ ಬಿಚ್ಚುವುದು ಎರಡೂ ಚಿಪ್ಪಿನ ಒಳಗಿನ ಸುರಕ್ಷಿತ ಜಾಗದಲ್ಲಿ. ಎಲ್3 ಅಂದರೆ ಎಲ್ಲವೂ ಬರೀ ಸಾಫ್ಟ್‌ವೇರ್. ಈ ಸೇವೆಯವರು "ಎಲ್1 ಇದ್ದರೆ ಮಾತ್ರ ಎಚ್‌ಡಿ" ಅನ್ನುವ ನಿಯಮವನ್ನು ಮೊದಲೇ ಆನ್ ಮಾಡಿಟ್ಟಿದ್ದರು. ದೊಡ್ಡ ಸಿನಿಮಾ ಕಂಪನಿಗಳಿಗೆ ಅದು ಸರಿ ಇರಬಹುದು. ನನ್ನ ವಿದ್ಯಾರ್ಥಿಗಳ ಎಷ್ಟೋ ಫೋನುಗಳು ಎಲ್3. ಇನ್ನು ಕೆಲವು, ಬೂಟ್‌ಲೋಡರ್ (ಫೋನನ್ನು ಶುರು ಮಾಡುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿದ ಮೇಲೆ ಎಲ್1ರಿಂದ ಕೆಳಗೆ ಬಿದ್ದವು. ಲ್ಯಾಪ್‌ಟಾಪಿನ ಕ್ರೋಮಿನಲ್ಲೂ ಮಸುಕು. ಅದೇ ಲ್ಯಾಪ್‌ಟಾಪಿನಲ್ಲಿ ಎಡ್ಜ್ ತೆರೆದರೆ ದಾರದ ಎಳೆ ಎಳೆಯೂ ಕಾಣುತ್ತದೆ! ಅದು ಪ್ಲೇರೆಡಿಯ ಹಾರ್ಡ್‌ವೇರ್ ಬೀಗ ಬಳಸುತ್ತಿತ್ತು. ಇದನ್ನು ನಾನೇ ಕೂತು ಕಂಡುಹಿಡಿಯಲು ಮೂರು ವಾರ ಹಿಡಿಯಿತು. ಸಹಾಯಕ್ಕೆ ಬರೆದಾಗಲೆಲ್ಲ "ನಿಮ್ಮ ವಿದ್ಯಾರ್ಥಿಯ ಇಂಟರ್ನೆಟ್ ನಿಧಾನ ಇರಬೇಕು" ಅನ್ನುವ ಉತ್ತರ. ಹಣ ಕೊಟ್ಟು ಕಲಿಯಲು ಬಂದವರಿಗೆ ಮಸುಕು ಚಿತ್ರ, ಕದಿಯುವವನಿಗೆ ಏನೂ ನಷ್ಟವಿಲ್ಲ. ಆ ತಿಂಗಳು ಬಿಟ್ಟೇ ಬಿಡೋಣ ಅಂದುಕೊಂಡಿದ್ದೆ.

ಅವತ್ತಿನಿಂದ ಒಂದು ಅಭ್ಯಾಸ ಬಂದಿದೆ. ಹೊಸ ಪಾಠ ಹಾಕಿದ ಕೂಡಲೇ ನನ್ನ ಹಳೆಯ ಎಲ್3 ಫೋನನ್ನು ತೆಗೆದು, ಹೊಲಿಗೆ ಯಂತ್ರದ ಪಕ್ಕ ನೂಲಿನ ಡಬ್ಬಿಗೆ ಒರಗಿಸಿ ಇಡುತ್ತೇನೆ. ವಿದ್ಯಾರ್ಥಿಗಳು ಇಡುವುದೂ ಹಾಗೇ, ಒಂದು ಮೊಳ ದೂರ. ಕೈಯಲ್ಲಿ ಬಟ್ಟೆ ಹಿಡಿದು, ಫೋನು ನೋಡುತ್ತಾ ಪಾಠದಷ್ಟನ್ನೂ ಹೊಲಿಯುತ್ತೇನೆ. ಎಲ್ಲಾದರೂ ನಾನೇ ಬಗ್ಗಿ ನೋಡಬೇಕಾಗಿ ಬಂದರೆ ಆ ಭಾಗವನ್ನು ಹತ್ತಿರದಿಂದ ಮತ್ತೆ ತೆಗೆಯುತ್ತೇನೆ. ಆಮೇಲೆ ಐಪ್ಯಾಡ್, ಆಮೇಲೆ ಲ್ಯಾಪ್‌ಟಾಪ್. ಸುಮಾರು ಒಂದು ಗಂಟೆ ಬೇಕು. ಈ ಒಂದು ಗಂಟೆ ನನಗೆ ಈಗ ತುಂಬಾ ಇಷ್ಟ.

ನಿಯಮ ಬದಲಿಸುವ ಜಾಗ ಸಿಕ್ಕಿದ್ದು ಪಾಲಿಸಿ ಅನ್ನುವ ಪುಟದ ತಳದಲ್ಲಿ. ಎಲ್3ಗೂ 1080ಪಿ ಬಿಟ್ಟೆ. ಎಲ್3 ಬೀಗವನ್ನು ಒಡೆದು ತೋರಿಸಿದವರಿದ್ದಾರೆ ಅನ್ನುವುದು ಗೊತ್ತಿದ್ದೇ ಬಿಟ್ಟೆ. ಅದರ ಜೊತೆಗೆ ವಾಟರ್‌ಮಾರ್ಕ್ ಆನ್ ಮಾಡಿದೆ. ನೋಡುತ್ತಿರುವವರ ಹೆಸರು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ತೆಳುವಾಗಿ ಪರದೆಯ ಮೇಲೆ ಜಾಗ ಬದಲಿಸುತ್ತಾ ಇರುತ್ತದೆ. ನಂಬರ್ ಪೂರ್ತಿ ಹಾಕಬೇಡಿ, ಅದು ಇನ್ನೊಬ್ಬರ ಕೈಗೆ ಸಿಗಬಾರದು.

ನಾನು ಇದರಿಂದ ಜಾಸ್ತಿ ಏನೂ ನಿರೀಕ್ಷಿಸಿರಲಿಲ್ಲ. ಆದರೆ ಎರಡನೇ ವರ್ಷ ಒಂದು ತುಣುಕು ಹೊರಗೆ ಬಂತು. ಇನ್ನೊಂದು ಫೋನಿನ ಕ್ಯಾಮೆರಾ ಹಿಡಿದು ತೆಗೆದದ್ದು. ಇದನ್ನು ಯಾವ ಡಿಆರ್‌ಎಂ ಕೂಡ ತಡೆಯಲಾರದು. ಎಲ್1 ಫೋನಿನಲ್ಲಿ, ಐಫೋನಿನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಕಪ್ಪು ಬರುತ್ತದೆ, ಸರಿ. ಎದುರಿಗೆ ಹಿಡಿದ ಕ್ಯಾಮೆರಾಗೆ ಕಪ್ಪು ಬರುವುದಿಲ್ಲ. ಆ ತುಣುಕಿನ ಮೂಲೆಯಲ್ಲಿ ನಾಲ್ಕು ಅಂಕಿ ಇದ್ದವು. ಫೋನ್ ಮಾಡಿದೆ. ಆ ಹುಡುಗಿ ಅತ್ತುಬಿಟ್ಟಳು. "ತಪ್ಪಾಯ್ತು ಮೇಡಂ, ನಮ್ಮಕ್ಕನಿಗೆ ತೋರಿಸೋಕೆ ತೆಗೆದೆ, ಅವಳು ಮುಂದಕ್ಕೆ ಕಳಿಸಿದಳು." ಅಕ್ಕನಿಗೆ ಆ ಒಂದು ಪಾಠವನ್ನು ನಾನೇ ತೆರೆದುಕೊಟ್ಟೆ. ಮುಂದಿನ ಬ್ಯಾಚಿಗೆ ಅವಳೇ ಸೇರಿದಳು.

ಇನ್ನೂ ಕಿರಿಕಿರಿ ಇದೆ. ಏನಾದರೂ ತಪ್ಪಿದರೆ ಪರದೆಯ ಮೇಲೆ ಬರುವುದು ಬರೀ ಸಂಖ್ಯೆ. ಅವರ ಪ್ಲೇಯರ್ ಶಾಕಾ. ಅದರಲ್ಲಿ 6001 ಬಂದರೆ ಆ ಬ್ರೌಸರಿನಲ್ಲಿ ಬೇಕಾದ ಡಿಆರ್‌ಎಂ ಸಿಗುತ್ತಿಲ್ಲ ಅಂತ, 6007 ಬಂದರೆ ಲೈಸೆನ್ಸ್ ಕೇಳಿದ್ದು ಫಲಿಸಲಿಲ್ಲ ಅಂತ. ಇದನ್ನು ವಿದ್ಯಾರ್ಥಿಗಳು ಹೇಗೆ ತಿಳಿಯಬೇಕು? ನಾನೇ ಒಂದು ಹಾಳೆ ಬರೆದು ಎಲ್ಲರಿಗೂ ಕಳಿಸಿದೆ. ಆಫ್‌ಲೈನ್ ಲೈಸೆನ್ಸಿನ ಅವಧಿ ಮುಗಿಯುವ ಮುಂಚೆ ಒಂದು ಸೂಚನೆಯನ್ನೂ ಇವರು ಕೊಡುವುದಿಲ್ಲ. ನೆಟ್ ಇಲ್ಲದ ಕಡೆ ಕೂತವರಿಗೆ ಪಾಠ ಅರ್ಧಕ್ಕೆ ಸಿಗದೆ ಹೋಗುತ್ತದೆ.

ಇವರ ಬಿಲ್ ಲೈಸೆನ್ಸಿನ ಲೆಕ್ಕದಲ್ಲಿ. ನನ್ನಂಥ ಒಬ್ಬರೇ ನಡೆಸುವವರಿಗೆ ಅದು ಭಾರ. ಅದಕ್ಕೆ ಪರಿಚಯದ ಪಾಠಗಳಿಂದ ಡಿಆರ್‌ಎಂ ತೆಗೆದುಬಿಟ್ಟೆ. ಅಳತೆ, ಕಟಿಂಗ್, ಕಾಲರ್, ಕಾಜಾ ಇಷ್ಟಕ್ಕೆ ಮಾತ್ರ ಉಳಿಸಿಕೊಂಡೆ. ಬಿಲ್ ಇಳಿಯಿತು. ನಾಲ್ಕನೇ ವರ್ಷಕ್ಕೂ ಕಟ್ಟಿದ್ದೇನೆ, ಚಿಕ್ಕ ಪ್ಲಾನಿಗೆ. ನೀವು ಸೇರುವುದಾದರೆ ಮೊದಲ ದಿನವೇ ಪಾಲಿಸಿ ಪುಟದ ತಳಕ್ಕೆ ಹೋಗಿ, ಒಂದು ಹಳೆಯ ಫೋನಿನಲ್ಲಿ ನಿಮ್ಮ ವಿಡಿಯೋ ಪೂರ್ತಿ ನೋಡಿ.