ಲಂಡನ್ ಪಾರ್ಲಿಮೆಂಟಿನ ಕಮಿಟಿ ರೂಮು: ಟಿಕೆಟ್ ಇಲ್ಲ, 4 ಸ್ಟಾರ್, ಒಂದ್ಯಾಕೆ ಕಟ್ ಮಾಡ್ದೆ ಅಂತ ಓದಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಬಿಗ್ ಬೆನ್ ಮುಂದೆ ಸೆಲ್ಫಿ ತಗೊಂಡು ದುಡ್ಡು ಕೊಟ್ಟು ಒಳಗೆ ಹೋಗೋ ಟೂರ್ ಬಗ್ಗೆ ಅಲ್ಲ. ಬುಧವಾರ ಮಧ್ಯಾಹ್ನ 12 ಗಂಟೆಗೆ ಪ್ರೈಮ್ ಮಿನಿಸ್ಟ್ರನ್ನ ನಿಲ್ಸಿ ಕಿರುಚಾಡ್ತಾರಲ್ಲ, ಅದೂ ಅಲ್ಲ, ಅದು ನಮ್ಮೂರ ಸಂತೆ ಥರ, ಒಂದ್ಸಲ ನೋಡಿದ್ರೆ ಸಾಕು. ನಾನು ಹೇಳ್ತಿರೋದು ಅದೇ ಪಾರ್ಲಿಮೆಂಟಿನ ಸೆಲೆಕ್ಟ್ ಕಮಿಟಿ, ಅಂದ್ರೆ ಸರ್ಕಾರದ ಇಲಾಖೆಗಳನ್ನ ಪ್ರಶ್ನೆ ಕೇಳೋ ಎಂಪಿಗಳ ಸಮಿತಿ, ಅದ್ರಲ್ಲೂ ಹೋಮ್ ಅಫೇರ್ಸ್ ಕಮಿಟಿ. ವೀಸಾ, ಅಸೈಲಂ (ಪ್ರಾಣಭಯದಿಂದ ಆಶ್ರಯ ಕೇಳೋದು), ಬಾರ್ಡರು, ಪೊಲೀಸು ಎಲ್ಲಾ ಇವ್ರ ಸುಪರ್ದಿಗೆ ಬರುತ್ತೆ. ಇಲ್ಲಿರೋ ಕನ್ನಡದವ್ರು ವಾಟ್ಸಾಪ್ ಗ್ರೂಪಲ್ಲಿ "ಐಎಲ್‌ಆರ್ ಹತ್ತು ವರ್ಷ ಆಯ್ತಂತೆ ಹೌದಾ" ಅಂತ (ಐಎಲ್‌ಆರ್ ಅಂದ್ರೆ ಇಲ್ಲೇ ಖಾಯಂ ಇರೋಕೆ ಪರ್ಮಿಶನ್) ದಿನಾ ತಲೆ ಕೆಡಿಸ್ಕೊಳ್ತೀವಿ, ಆದ್ರೆ ಆ ರೂಲ್ಸ್ ಮಾಡೋರನ್ನ ಕೂರಿಸಿ ಪ್ರಶ್ನೆ ಕೇಳೋ ಜಾಗ ಟ್ಯೂಬ್ ರೈಲಲ್ಲಿ ಹೋಗಿ ಬರೋ ಅಷ್ಟು ಹತ್ರ ಇದೆ, ಪುಕ್ಸಟ್ಟೆ ಬೇರೆ, ಅಂತ ಎಷ್ಟು ಜನಕ್ಕೆ ಗೊತ್ತೋ ಏನೋ.

ಜಾಗ ಯಾವ್ದು ಅಂದ್ರೆ, ವೆಸ್ಟ್‌ಮಿನ್ಸ್ಟರ್ ಸ್ಟೇಶನ್ ಮೇಲೇನೇ ಇರೋ ಪೋರ್ಟ್‌ಕಲಿಸ್ ಹೌಸ್. ಕೆಲವು ಸಲ ಹಳೇ ಬಿಲ್ಡಿಂಗಿನ ಕಮಿಟಿ ಕಾರಿಡಾರಲ್ಲೂ ನಡೆಯುತ್ತೆ, ಹಿಂದಿನ ದಿನ ಚೆಕ್ ಮಾಡ್ಕೊಂಡು ಹೋಗಿ. ಬುಕಿಂಗ್ ಬೇಡ, ಮೊದ್ಲು ಬಂದೋರಿಗೆ ಮೊದ್ಲು. ಬಾಗ್ಲಲ್ಲಿ ಏರ್‌ಪೋರ್ಟ್ ಥರಾನೇ ಬೆಲ್ಟ್ ಬಿಚ್ಚು, ಬ್ಯಾಗ್ ಹಾಕು. ನನ್ನ ಬ್ಯಾಗಲ್ಲಿ ಪುಳಿಯೋಗರೆ ಡಬ್ಬಿ ಇತ್ತು, ಸ್ಕ್ಯಾನರ್ ಹತ್ರ ಇದ್ದ ಅಜ್ಜ ಮುಚ್ಚಳ ತೆಗ್ಸಿ ಮೂಸಿ ನೋಡಿ "ಚೆನ್ನಾಗಿದೆ" ಅನ್ನೋ ಥರ ತಲೆ ಆಡ್ಸಿ ಬಿಟ್ಟ. ಒಳಗೆ ಗಾಜಿನ ಚಾವಣಿ ಕೆಳಗೆ ಸಾಲಾಗಿ ಮರಗಳು, ನಮ್ಮ ಆಲದ ಜಾತಿಯವೇ, ನೋಡಿ ಖುಷಿ ಆಯ್ತು, ಆಮೇಲೆ ಗೊತ್ತಾಯ್ತು ಅವು ಬಾಡಿಗೆ ಮರ ಅಂತೆ! ವರ್ಷಗಟ್ಟಲೆ ಬಾಡಿಗೆ ಕಟ್ಟಿದ್ದು 2012ರಲ್ಲಿ ಇಲ್ಲಿ ಪೇಪರಲ್ಲಿ ದೊಡ್ಡ ಸುದ್ದಿ ಆಗಿತ್ತು. ಊರಲ್ಲಿ ಆಲದ ಮರಕ್ಕೆ ಬಾಡಿಗೆ ಅಂದ್ರೆ ನಗ್ತಾರೆ.

ರೂಮೊಳಗೆ ಕುದುರೆ ಲಾಳದ ಆಕಾರದ ಮೇಜು. ಅದ್ರ ಸುತ್ತ ಎಂಪಿಗಳು, ಒಟ್ಟು 11 ಜನ, ಬೇರೆ ಬೇರೆ ಪಾರ್ಟಿಯವ್ರು ಕಲಸಿ ಕೂತಿರ್ತಾರೆ, ಅಧ್ಯಕ್ಷರು ಈಗ ಕ್ಯಾರೆನ್ ಬ್ರಾಡ್ಲಿ, ವಿರೋಧ ಪಕ್ಷದವ್ರು, ಗಮನಿಸಿ. ಎದುರಿಗೆ ಸಾಕ್ಷಿ ಹೇಳೋರು. ಅವ್ರ ಬೆನ್ನ ಹಿಂದೆ ನಾವು. ಅಂದ್ರೆ ಮಿನಿಸ್ಟ್ರ ಮುಖ ಕಾಣಲ್ಲ, ಕತ್ತು ಕಾಣುತ್ತೆ. ಇದು ಮೈನಸ್ ಅನ್ಕೊಂಡಿದ್ದೆ, ಆದ್ರೆ ಕೂತ ಹತ್ತೇ ನಿಮಿಷಕ್ಕೆ ಅನ್ನಿಸ್ತು, ಇದೇ ಒಳ್ಳೇ ಸೀಟು. ಕಷ್ಟದ ಪ್ರಶ್ನೆ ಬಂದಾಗ ಕತ್ತು ಕೆಂಪಗಾಗೋದು, ಹಿಂದಿನ ಸಾಲಲ್ಲಿ ಕೂತ ಜೂನಿಯರ್ ಆಫೀಸರ್ ಗಬಕ್ಕನೆ ಫೈಲಿಂದ ಚೀಟಿ ತೆಗ್ದು ಮುಂದಕ್ಕೆ ತೂರಿಸೋದು, ಅದನ್ನ ಓದೋಷ್ಟರಲ್ಲಿ ಪ್ರಶ್ನೆ ಮುಂದಕ್ಕೆ ಹೋಗಿರೋದು, ಇದ್ಯಾವ್ದೂ ಟಿವೀಲಿ ಸಿಗಲ್ಲ. ಉತ್ತರ ಗೊತ್ತಿಲ್ದೇ ಇದ್ರೆ ಇವ್ರದ್ದೊಂದು ಮಂತ್ರ ಇದೆ, "ಕಮಿಟಿಗೆ ಪತ್ರ ಬರೆದು ತಿಳಿಸ್ತೀವಿ". ನಮ್ಮ ತಾಲ್ಲೂಕಾಫೀಸಿನ "ಸಾಹೇಬ್ರು ಮೀಟಿಂಗಲ್ಲಿದಾರೆ ನಾಳೆ ಬನ್ನಿ"ಗೆ ತಂಗಿ ಇದ್ದಂಗೆ. ಒಂದೇ ವ್ಯತ್ಯಾಸ, ಆ ಪತ್ರಗಳನ್ನ ಕಮಿಟಿಯವ್ರು ಎಲ್ಲರಿಗೂ ಕಾಣೋ ಹಾಗೆ ಪ್ರಕಟ ಮಾಡ್ತಾರೆ.

ನಂಗ್ಯಾಕೆ ಈ ಹುಚ್ಚು ಅಂದ್ರೆ, ನಾನು ಪಿರಿಯಾಪಟ್ಣದವನು, ಬೈಲಕುಪ್ಪೆ ನಮಗೆ ಪಕ್ಕದ ಮನೆ ಇದ್ದಂಗೆ. 1960ರ ಆಸುಪಾಸಲ್ಲಿ ಕಾಡು ಕಡಿದು ಟಿಬೆಟಿನವ್ರಿಗೆ ಜಾಗ ಕೊಟ್ಟಿದ್ದು, ನಂಜೊತೆ ಕಾಲೇಜಲ್ಲಿ ಓದಿದ ಟಿಬೆಟಿನವ್ರು ಅಲ್ಲೇ ಹುಟ್ಟಿದ್ರೂ ಆರ್‌ಸಿ ಬುಕ್ (ವಿದೇಶಿಯರ ನೋಂದಣಿ ಪುಸ್ತಕ) ರಿನ್ಯೂ ಮಾಡ್ಸೋಕೆ ಓಡಾಡ್ತಿದ್ರು, ನಾವು ಅದನ್ನ ಬೈಕಿನ ಆರ್‌ಸಿ ಅಂತ ತಿಳ್ಕೊಂಡು ತಮಾಷೆ ಮಾಡ್ತಿದ್ವಿ. ಈಗ ನಾನೇ ಇನ್ನೊಂದು ದೇಶದಲ್ಲಿ ಅದೇ ಥರದ ಕಾಗ್ದ ಇಟ್ಕೊಂಡು ಕೂತಿದೀನಿ. ಹೆಂಡತಿ ನರ್ಸು, ಅವ್ಳ ಪೊಲೀಸ್ ಕ್ಲಿಯರೆನ್ಸಿಗೆ ಅಂತ ಊರ ಮನೆಗೆ ಬಂದ ಕಾನ್ಸ್‌ಟೇಬಲ್ಲು ಕಾಫಿ ಕುಡಿದು, ಪಕ್ಕದ್ಮನೆ ಜಯಮ್ಮಜ್ಜಿ ಹತ್ರ "ಹುಡ್ಗಿ ಹೆಂಗೆ" ಅಂತ ಕೇಳಿ ಬರ್ಕೊಂಡು ಹೋದ್ರು. ಬ್ಯಾಕ್‌ಗ್ರೌಂಡ್ ಚೆಕ್ ಅಂದ್ರೆ ನನ್ನ ತಲೇಲಿ ಇವತ್ತಿಗೂ ಆ ಜಗಲಿ ಮೇಲಿನ ಕಾಫಿ ಲೋಟಾನೇ.

ಈಗ ಹಳೇ ಎಪಿಸೋಡುಗಳ ವಿಷ್ಯಕ್ಕೆ ಬರ್ತೀನಿ. ಹೋಗೋಕಾಗ್ದೇ ಇರೋರಿಗೆ ಪಾರ್ಲಿಮೆಂಟ್‌ಲೈವ್ ಅಂತ ಅವ್ರದ್ದೇ ವಿಡಿಯೋ ಸೇವೆ ಇದೆ, ಲೈವೂ ಇದೆ ಹಳೇದೂ ಇದೆ, ಬೇಕಾದಷ್ಟು ಕ್ಲಿಪ್ ಕತ್ತರಿಸಿಕೊಳ್ಬೋದು, ಜಾಹೀರಾತಿಲ್ಲ. ಮೊದ್ಲು ನೋಡ್ಬೇಕಾದ್ದು 25 ಏಪ್ರಿಲ್ 2018ರದ್ದು. ವಿಂಡ್‌ರಶ್ ಗಲಾಟೆ ಜೋರಾಗಿದ್ದ ಟೈಮು. ಕೆರೀಬಿಯನ್ ಕಡೆಯಿಂದ ಚಿಕ್ಕೋರಿದ್ದಾಗ್ಲೇ ಅಪ್ಪ ಅಮ್ಮನ ಜೊತೆ ಕಾನೂನುಬದ್ಧವಾಗಿ ಬಂದು, ಇಲ್ಲೇ ದುಡಿದು ತಲೆ ಬೆಳ್ಳಗಾದೋರಿಗೆ "ಕಾಗ್ದ ತೋರ್ಸಿ" ಅಂದು ಕೆಲ್ಸ, ಮನೆ ಕಳ್ಕೊಳ್ಳೋ ಹಾಗೆ ಮಾಡಿ, ಕೆಲವ್ರನ್ನ ದೇಶದಿಂದಾನೇ ಆಚೆ ಹಾಕಿದ್ರು. ಆವತ್ತು ಇಮಿಗ್ರೇಶನ್ ನೌಕರರ ಯೂನಿಯನ್ನಿನವ್ರು ಬಂದು, ಇಷ್ಟು ಜನರನ್ನ ವಾಪಸ್ ಕಳಿಸ್ಬೇಕು ಅಂತ ನಮಗೆ ಟಾರ್ಗೆಟ್ ಇದೆ ಅಂದ್ರು. ಆಮೇಲೆ ಬಂದ ಹೋಮ್ ಸೆಕ್ರೆಟರಿ (ಇಲ್ಲಿ ಅಂದ್ರೆ ಗೃಹ ಮಂತ್ರಿ) ಆಂಬರ್ ರಡ್ ಅವ್ರನ್ನ ಆಗಿನ ಅಧ್ಯಕ್ಷೆ ಇವೆಟ್ ಕೂಪರ್ ಕೇಳಿದ್ರೆ, ಹಂಗೆಲ್ಲಾ ಇಲ್ಲ ಅಂದ್ರು. ನಾಕೇ ದಿನ. 29ನೇ ತಾರೀಖು ರಾತ್ರಿ ರಾಜೀನಾಮೆ, ಕಾರಣ, ಗೊತ್ತಿಲ್ದೇ ಕಮಿಟಿಗೆ ತಪ್ಪು ಮಾಹಿತಿ ಕೊಟ್ಟೆ ಅಂತ. ಪಾಲಿಸಿ ಕೆಟ್ಟದಾಗಿತ್ತು ಅಂತ ಕುರ್ಚಿ ಹೋಗ್ಲಿಲ್ಲ, ಕಮಿಟಿ ಮುಂದೆ ತಪ್ಪು ಹೇಳಿದ್ದಕ್ಕೆ ಹೋಯ್ತು, ಇದನ್ನ ಅರಗಿಸಿಕೊಳ್ಳೋಕೆ ನಂಗೆ ಸ್ವಲ್ಪ ಟೈಮ್ ಬೇಕಾಯ್ತು.

ನನ್ನ ಫೇವರಿಟ್ ಮಾತ್ರ 23 ನವೆಂಬರ್ 2022. ಹೋಮ್ ಸೆಕ್ರೆಟರಿ ಸುಯೆಲ್ಲಾ ಬ್ರೇವರ್ಮನ್, ಅಪ್ಪ ಕೀನ್ಯಾದಿಂದ ಅಮ್ಮ ಮಾರಿಷಸ್‌ನಿಂದ ಬಂದೋರು, ಇಬ್ರ ಬೇರೂ ಭಾರತದ್ದೇ. ಪ್ರಶ್ನೆ ಕೇಳಿದ್ದು ಟಿಮ್ ಲಾಟನ್, ಆಕೆಯ ಪಾರ್ಟಿಯೇ. ಕೂಗಾಡ್ಲಿಲ್ಲ, ಕೈ ಬೀಸ್ಲಿಲ್ಲ. ಒಂದು ಕಥೆ ಥರ ಕೇಳ್ದ: ಪೂರ್ವ ಆಫ್ರಿಕಾದ ಒಂದು ದೇಶ, 16 ವರ್ಷದ ಅನಾಥ ಹುಡುಗ, ಯುದ್ಧದಿಂದ ಓಡಿ ಬರ್ತಿದಾನೆ, ಅವ್ನ ಒಡಹುಟ್ಟಿದೋರು ಇಲ್ಲಿ ಕಾನೂನು ಪ್ರಕಾರ ಇದಾರೆ, ಅವ್ನು ಸರಿಯಾದ ದಾರೀಲಿ ಬರ್ಬೇಕಂದ್ರೆ ಯಾವ ದಾರಿ? ಅಷ್ಟೇ. ಆಯಮ್ಮ ಅದೂ ಇದೂ ಹೇಳಿ, ಪಕ್ಕದಲ್ಲಿದ್ದ ಇಲಾಖೆ ಹಿರಿಯ ಅಧಿಕಾರಿ ಮ್ಯಾಥ್ಯೂ ರೈಕ್ರಾಫ್ಟ್ ಕಡೆ ತಿರುಗಿ, ಅವ್ರೂ ಒದ್ದಾಡಿ, ಕೊನೆಗೆ ಬಂದ ಉತ್ತರದ ಅರ್ಥ, ಈ ದೇಶಕ್ಕೆ ಬಂದ್ಬಿಟ್ರೆ ಅರ್ಜಿ ಹಾಕ್ಬೋದು ಅಂತ. ಅಲ್ಲಾ ಸ್ವಾಮಿ, ವಿಮಾನ ಹತ್ತೋಕೇ ಪರ್ಮಿಶನ್ ಇಲ್ದೋನು ಬರೋದು ಹೆಂಗೆ ಅಂತ ಲಾಟನ್ ಮತ್ತೆ ಕೇಳ್ದ. ದೋಣೀಲಿ ಬಂದ್ರೆ ಅಪರಾಧ, ದೋಣಿ ಬಿಟ್ರೆ ದಾರಿ ಇಲ್ಲ. ನೂರು ಭಾಷಣದಲ್ಲಿ ಆಗ್ದೇ ಇರೋದು ಒಂದು ಸಣ್ಣ ಪ್ರಶ್ನೇಲಿ ಆಯ್ತು. ನಮ್ಮ ಮೇಷ್ಟ್ರು ಬೋರ್ಡ್ ಹತ್ರ ನಿಲ್ಸಿ ಲೆಕ್ಕ ಕೇಳ್ದಾಗ ಆಗ್ತಿತ್ತಲ್ಲ, ಅದೇ ಮೌನ.

ಬರೋರನ್ನ ಚೆಕ್ ಮಾಡೋ ವಿಷ್ಯದಲ್ಲಿ ಉಕ್ರೇನ್ ಎಪಿಸೋಡ್ ನೋಡಿ, ಮಾರ್ಚ್ 2022. ಯುದ್ಧದಿಂದ ಓಡಿ ಬರ್ತಿರೋ ಹೆಂಗಸ್ರು ಮಕ್ಳಿಗೆ ವೀಸಾ ಸೆಂಟರಿಗೆ ಹೋಗಿ ಬೆರಳಚ್ಚು ಕೊಡಿ ಅಂತ ಕೂತಿದ್ರು, ಸೆಕ್ಯುರಿಟಿ ಮುಖ್ಯ ಅನ್ನೋದು ಸರ್ಕಾರದ ವಾದ. ಎಂಪಿಗಳು ಎಲ್ಲಾ ಕಡೆಯಿಂದ ಹಿಡ್ಕೊಂಡ್ಮೇಲೆ 15ನೇ ತಾರೀಖಿಂದ ಉಕ್ರೇನ್ ಪಾಸ್‌ಪೋರ್ಟ್ ಇರೋರು ಆನ್‌ಲೈನಲ್ಲೇ ಹಾಕ್ಬೋದು, ಬೆರಳಚ್ಚು ಬಂದ್ಮೇಲೆ ಕೊಡಿ ಅಂದ್ರು. ಅಲ್ಲಿವರೆಗೂ ಆಗಲ್ಲ ಅಂದಿದ್ದು ಆಯ್ತು ನೋಡಿ. ಇನ್ನೊಂದ್ ಕಡೆ, ಪಬ್ಲಿಕ್ ಅಕೌಂಟ್ಸ್ ಕಮಿಟಿ (ಇದು 1861ರಿಂದ ಇರೋ ಹಳೇ ತಲೆ, ಲೆಕ್ಕದ ಅಜ್ಜ) ಜುಲೈ 2025ರಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಬಗ್ಗೆ ವರದಿ ಕೊಡ್ತು. ವೀಸಾ ಮುಗಿದೋರು ವಾಪಸ್ ಹೋದ್ರಾ ಇಲ್ವಾ ಅನ್ನೋ ಲೆಕ್ಕ ಹೋಮ್ ಆಫೀಸ್ (ಗೃಹ ಇಲಾಖೆ) ಹತ್ರ ಇಲ್ಲ, 2020ರಿಂದ ಆ ಎಕ್ಸಿಟ್ ಚೆಕ್ ಮಾಹಿತಿ ವಿಶ್ಲೇಷಣೇನೇ ಮಾಡಿಲ್ಲ ಅಂತ. ಬರೋವಾಗ ಜಯಮ್ಮಜ್ಜಿ ಸರ್ಟಿಫಿಕೇಟ್ ಬೇಕು, ಟಿಬಿ ಟೆಸ್ಟ್ ಬೇಕು, ಬಹುತೇಕರಿಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಬೇಕು, ಹೋಗೋವಾಗ ಬಾಗ್ಲಲ್ಲಿ ಎಣಿಸೋರಿಲ್ಲ. ಓದ್ಬಿಟ್ಟು ನಕ್ಕಿದ್ದೋ ಬೇಜಾರಾಗಿದ್ದೋ ಹೇಳಕ್ಕಾಗ್ತಿಲ್ಲ.

ಮೇ 2025ರಲ್ಲಿ ಹೋಮ್ ಅಫೇರ್ಸ್ ಕಮಿಟಿಯವ್ರು, ಅಸೈಲಂ ಕೇಳಿದೋರಿಗೆ ಹೋಟೆಲು ಮನೆ ಒದಗಿಸೋ ಮೂರು ಕಂಪನಿ, ಕ್ಲಿಯರ್‌ಸ್ಪ್ರಿಂಗ್ಸ್, ಸರ್ಕೋ, ಮಿಯರ್ಸ್, ಇವ್ರ ಮುಖ್ಯಸ್ಥರನ್ನ ಸಾಲಾಗಿ ಕೂರಿಸಿ ಲಾಭ ಎಷ್ಟು ಅಂತ ಕೇಳಿದ್ರು, ಅದನ್ನ ಮನೇಲಿ ಚಪಾತಿ ಲಟ್ಟಿಸ್ತಾ ನೋಡ್ದೆ. ಅಕ್ಟೋಬರಲ್ಲಿ ವರದಿ ಬಂತು: 2019ರಿಂದ ಹತ್ತು ವರ್ಷದ ಕಾಂಟ್ರಾಕ್ಟಿಗೆ 450 ಕೋಟಿ ಪೌಂಡ್ ಆಗುತ್ತೆ ಅಂದಿದ್ದು ಈಗ 1,530 ಕೋಟಿ ಆಗೋ ಅಂದಾಜು. ಬೀದೀಲಿ ಕೂಗಾಡೋರೆಲ್ಲಾ ರೂಮಲ್ಲಿ ಮಲಗಿರೋನ ಮೇಲೆ ಕೂಗ್ತಾರೆ, ಬಿಲ್ ಬರೆದೋನ ಹೆಸರು ನಂಗೆ ಗೊತ್ತಾಗಿದ್ದು ಇಲ್ಲೇ.

ಊರಿನ ಜೊತೆ ಹೋಲಿಕೆ ಬೇಡ ಅನ್ಕೊಂಡೆ, ಆದ್ರೆ ಬಾಯಿ ಸುಮ್ನಿರಲ್ಲ. ನಮ್ಮ ಸಂಸದೀಯ ಸಮಿತಿ ಸಭೆಗಳು ಬಾಗ್ಲು ಹಾಕ್ಕೊಂಡೇ ನಡೆಯೋದು, ಸಂಸದ್ ಟಿವೀಲೂ ಬರಲ್ಲ. ಪೌರತ್ವ ತಿದ್ದುಪಡಿ ಮಸೂದೆಯ ಜಂಟಿ ಸಮಿತಿ ಮುಂದೆ, ತಕ್ಷಣಕ್ಕೆ ಲಾಭ ಆಗೋರು 31,313 ಜನ ಅಂತ ಐಬಿ ಲೆಕ್ಕ ಹೇಳಿತ್ತು, ಜನಕ್ಕೆ ಗೊತ್ತಾಗಿದ್ದು ಜನವರಿ 2019ರಲ್ಲಿ ವರದಿ ಬಂದ್ಮೇಲೆ. ಆ ನಂಬರ್ ಹೇಳ್ದಾಗ ಎದುರಿಗಿದ್ದೋರು ಏನು ಕೇಳಿದ್ರು, ಯಾರ ಕತ್ತು ಕೆಂಪಾಯ್ತು, ನೋಡೋ ಭಾಗ್ಯ ನಮಗಿಲ್ಲ. 2025ರ ಇಮಿಗ್ರೇಶನ್ ಅಂಡ್ ಫಾರಿನರ್ಸ್ ಕಾನೂನಂತೂ ಕಮಿಟಿಗೇ ಹೋಗ್ಲಿಲ್ಲ, ಮಾರ್ಚಲ್ಲಿ ಮಂಡಿಸಿ ಏಪ್ರಿಲ್ 2ಕ್ಕೆ ರಾಜ್ಯಸಭೇಲೂ ಪಾಸು.

ಆಯ್ತು, ಈಗ ಕಟ್ ಮಾಡಿದ ಸ್ಟಾರ್. ಈ ಕಮಿಟಿ ಪ್ರಶ್ನೆ ಕೇಳುತ್ತೆ, ತಡೆಯೋಕಾಗಲ್ಲ. 1 ಜುಲೈ 2025ಕ್ಕೆ ಹೊಸ ಇಮಿಗ್ರೇಶನ್ ರೂಲ್ಸ್ ಪಾರ್ಲಿಮೆಂಟ್ ಮುಂದಿಟ್ರು, 22ಕ್ಕೆ ಜಾರಿ. ಮೂರೇ ವಾರ. ಸಂಬಳದ ಮಿತಿ 41,700 ಪೌಂಡಿಗೆ ಹೋಯ್ತು, ಹೊರ ದೇಶದಿಂದ ಕೇರ್ ವರ್ಕರ್ ಕರೆಸೋದು ಬಂದ್, ಹೊಸದಾಗಿ ಬರೋ ಶೆಫ್‌ಗಳಿಗೂ ಬಾಗ್ಲು ಹಾಕಿದ್ರು. ಈ ರೂಲ್ಸ್‌ಗೆ ಎಂಪಿಗಳು ಒಂದಕ್ಷರ ತಿದ್ದುಪಡಿ ತರೋ ಹಾಗಿಲ್ಲ, ಇಡಿಯಾಗಿ ತಿರಸ್ಕರಿಸ್ಬೇಕು ಇಲ್ಲಾ ಸುಮ್ನಿರ್ಬೇಕು, ಬಹುತೇಕ ಸುಮ್ನಿರ್ತಾರೆ. ಐಎಲ್‌ಆರ್ ಐದೇ ವರ್ಷಕ್ಕೆ ಇರ್ಲಿ ಅಂತ ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿದ್ಮೇಲೆ ಸೆಪ್ಟೆಂಬರಲ್ಲಿ ಚರ್ಚೆಗೆ ಬಂತು, ಎಂಪಿಗಳು ಚೆನ್ನಾಗೇ ಮಾತಾಡಿದ್ರು, ಓಟು ಇಲ್ಲ.

ಅರ್ಧ ಸ್ಟಾರ್ ಅಫ್ಘನ್ ಪಟ್ಟಿಗೆ. ಬ್ರಿಟಿಷರಿಗೆ ಕೆಲ್ಸ ಮಾಡಿ ಪ್ರಾಣಭಯಕ್ಕೆ ಅರ್ಜಿ ಹಾಕಿದ್ದ ಹತ್ತಿರತ್ತಿರ 19,000 ಜನರ ವಿವರ ಫೆಬ್ರವರಿ 2022ರಲ್ಲಿ ರಕ್ಷಣಾ ಇಲಾಖೆ ಕಡೆಯಿಂದ ಲೀಕಾಗಿ, ಒಂದೂವರೆ ವರ್ಷ ಆದ್ಮೇಲೆ ಅವ್ರಿಗೇ ಗೊತ್ತಾಗಿ, ಕೋರ್ಟಿಂದ ಎಂಥಾ ಆರ್ಡರ್ ತಂದ್ರು ಅಂದ್ರೆ, ಆರ್ಡರ್ ಇದೆ ಅಂತ ಹೇಳೋ ಹಾಗೂ ಇಲ್ಲ. 15 ಜುಲೈ 2025ರವರೆಗೆ ಪಾರ್ಲಿಮೆಂಟಿಗೇ ಹೇಳ್ಲಿಲ್ಲ, ಅಷ್ಟರಲ್ಲಿ ಗುಟ್ಟಾಗಿ ಸಾವಿರಾರು ಜನರನ್ನ ಕರ್ಕೊಂಡೂ ಬಂದಿದ್ರು. ಕರ್ಕೊಂಡು ಬಂದಿದ್ದು ಸರಿ ಅಂತಾನೇ ನನ್ನ ಲೆಕ್ಕ, ಆದ್ರೆ ವಿಷ್ಯಾನೇ ಗೊತ್ತಿಲ್ದೋರು ಲಾಳದ ಮೇಜು ಸುತ್ತ ಕೂತು ಏನು ಕೇಳ್ಬೇಕು? ಹಾಗಾಗಿ ಲೆಕ್ಕಕ್ಕೆ ಮೂರೂವರೆ, ಪುಕ್ಸಟ್ಟೆ ಅಂತ ನಾಕಕ್ಕೆ ರೌಂಡ್ ಮಾಡಿದೀನಿ.

ಹೋಗೋರಿಗೆ: ಅರ್ಧ ಗಂಟೆ ಮುಂಚೆ ಹೋಗಿ, ಮೊಬೈಲ್ ಸೈಲೆಂಟ್, ಸ್ವೆಟರ್ ಇರ್ಲಿ, ಮೊದ್ಲ ಇಪ್ಪತ್ತು ನಿಮಿಷ ನಿದ್ದೆ ಬಂದ್ರೆ ಗಾಬರಿ ಬೇಡ, ನಂಗೂ ಬಂತು. ಮುಗಿದ್ಮೇಲೆ ಹೊಳೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ನಡ್ಕೊಂಡು ಹೋದ್ರೆ 2015ರಲ್ಲಿ ಇಟ್ಟ ಬಸವಣ್ಣನ ಪ್ರತಿಮೆ ಇದೆ, ಡಬ್ಬಿ ಖಾಲಿ ಮಾಡೋಕೆ ಅಲ್ಲೇ ಬೆಂಚು ಇದೆ.

ಎರಡನೇ ಸಲ ದೋಸೆ ಹೋಟ್ಲಲ್ಲಿ ಭಟ್ರಾಗಿರೋ ಗೆಳೆಯನ್ನ ಕರ್ಕೊಂಡು ಹೋಗಿದ್ದೆ. ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದು "ಮಾರಾಯ, ನಾವೂ ಕೇಳ್ಬೋದಾ?" ಅಂತ ಕಿವೀಲಿ ಕೇಳ್ದ. ಇಲ್ಲ, ಹಿಂದೆ ಕೂತೋರು ಪಿಟಕ್ ಅನ್ನೋ ಹಾಗಿಲ್ಲ. ಆದ್ರೆ ಕಮಿಟಿ ಯಾವ್ದಾದ್ರೂ ವಿಚಾರಣೆ ಶುರು ಮಾಡ್ದಾಗ ಯಾರು ಬೇಕಾದ್ರೂ ಬರಹದಲ್ಲಿ ಸಾಕ್ಷಿ ಕಳಿಸ್ಬೋದು, ಸಾಮಾನ್ಯವಾಗಿ 3,000 ಪದದ ಒಳಗೆ, ಸ್ವಂತ ಕೇಸ್ ಬಗೆಹರಿಸಿ ಅಂತ ಕೇಳ್ಬಾರ್ದು ಅಷ್ಟೇ. ಅವ್ನು ಈಗ್ಲೇ ಕನ್ನಡದಲ್ಲಿ ಬರ್ದು ನಂಗೆ ಕಳಿಸ್ತಿದಾನೆ, ಮುಂದೆ ಕೆಲ್ಸದ ವೀಸಾ ಬಗ್ಗೆ ಕರೆ ಬಂದಾಗ ರೆಡಿ ಇರ್ಲಿ ಅಂತ, ನಾನು ಇಂಗ್ಲಿಷ್ ಮಾಡ್ತಿದೀನಿ. ಆರು ನೂರು ಪದ ಆಗಿದೆ. ಅದ್ರಲ್ಲಿ ಅರ್ಧ ದೋಸೆ ಹೆಂಚು ಪಳಗೋಕೆ ಎಷ್ಟು ವರ್ಷ ಬೇಕು ಅನ್ನೋದೇ ಇದೆ, ಅದನ್ನ ತೆಗಿಯೋದೋ ಬಿಡೋದೋ ಅಂತ ನಮ್ಮಿಬ್ರಿಗೂ ಇನ್ನೂ ಜಗಳ ನಡೀತಿದೆ.