ಎಂಜಲು ನೋಡಿ ವಯಸ್ಸು ಹೇಳುವ ಕಿಟ್

ಕಂಪನಿ ಹೆಸರು ಬೇಡ ಬಿಡಿ. ಟ್ಯೂಬಿಗೆ ಎಂಜಲು ತುಂಬಿ ಕಳಿಸಿದರೆ ದೇಹದ 'ನಿಜವಾದ ವಯಸ್ಸು' ಹೇಳುತ್ತಾರೆ. ಹಿಂದಿರುವ ವಿಜ್ಞಾನ ಬುರುಡೆಯಲ್ಲ. 2013ರಲ್ಲಿ ವಿಜ್ಞಾನಿ ಸ್ಟೀವ್ ಹೋರ್ವಾತ್ ಡಿಎನ್‌ಎ ಮೇಲಿನ 353 ಜಾಗಗಳಲ್ಲಿ ಮೀಥೈಲ್ ಅನ್ನೋ ರಾಸಾಯನಿಕ ಗುರುತು ನೋಡಿ ವಯಸ್ಸು ಅಂದಾಜು ಮಾಡಿದ್ದರು. ಸಿಗರೇಟು ಸೇದುವವರಲ್ಲಿ ಎಎಚ್‌ಆರ್‌ಆರ್ ಅನ್ನೋ ಜೀನ್ ಮೇಲೆ ಈ ಗುರುತು ಕಡಿಮೆಯಾಗುತ್ತದೆ, ಬಿಟ್ಟ ಮೇಲೆ ವರ್ಷಗಟ್ಟಲೆ ಹಿಡಿದು ನಿಧಾನಕ್ಕೆ ಮರಳುತ್ತದೆ, ಡಿಎನ್‌ಎ ಅಕ್ಷರಗಳ ಸಾಲು ಮಾತ್ರ ಈ ಗುರುತಿನ ಏರಿಳಿತದಿಂದ ಬದಲಾಗುವುದಿಲ್ಲ. ರಿಪೋರ್ಟಿನಲ್ಲಿ ಇದ್ಯಾವುದೂ ಇಲ್ಲ! ಒಂದು ಸಂಖ್ಯೆ, ಕೆಳಗೆ ಅವರದೇ ವಿಟಮಿನ್ ಮಾತ್ರೆ ಜಾಹೀರಾತು. ಎಷ್ಟು ಹೆಚ್ಚುಕಮ್ಮಿ ಇರಬಹುದು ಅಂತಲಾದರೂ ಬರೆಯಬೇಕಿತ್ತು ಅಲ್ವಾ? ಹೊಗೆ, ಧೂಳು, ಕೆಲಸದ ಜಾಗದ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. ಬೆಲೆ ಜಾಸ್ತಿ. ಎರಡು ಸ್ಟಾರ್, ಅದೂ ಪ್ಯಾಕಿಂಗ್ ಚೆನ್ನಾಗಿತ್ತು ಅಂತ.