ಪಿಗ್ಮಿ ಚೀಲ ಹಿಡಿದವಳು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಲಿಯಲು ಹೋದೆ: ಮಂಗಳೂರಿನ ಎಂಟು ಭಾನುವಾರದ ಕೋರ್ಸ್ ಹೇಗಿತ್ತು

ಮಂಗಳೂರಿನ ಲಾಲ್‌ಬಾಗ್ ಹತ್ತಿರ ನಡೆಯುವ ಒಂದು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸನ್ನು ಹೋದ ತಿಂಗಳು ಮುಗಿಸಿದೆ. ಬಳಸುವವರಿಗೆ ಏನು ಬೇಕು ಅಂತ ತಿಳಿದು, ಅದನ್ನು ತಯಾರಿಸುವವರಿಗೆ ಬಿಡಿಸಿ ಹೇಳುವ ಕೆಲಸ ಅದು. ಎಂಟು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದೂವರೆವರೆಗೆ. ಫೀಸು 18,500 ರೂಪಾಯಿ. ಸಂಸ್ಥೆಯ ಹೆಸರು ಇಲ್ಲಿ ಹಾಕುತ್ತಿಲ್ಲ. ಕೆಲವು ದೂರುಗಳಿವೆ, ಅವನ್ನು ಅವರಿಗೇ ಬರೆದು ಕೊಟ್ಟಿದ್ದೇನೆ. ಆದರೆ ಇಂಜಿನಿಯರಿಂಗ್ ಓದದವರು ಇಂಥ ಕೋರ್ಸಿಗೆ ದುಡ್ಡು ಹಾಕಬಹುದಾ ಅಂತ ನನ್ನ ಪರಿಚಯದವರು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಬಿ.ಕಾಂ. ಉಡುಪಿಯಲ್ಲಿ ಒಂದು ಸಹಕಾರಿ ಸೊಸೈಟಿಗೆ ಒಂಬತ್ತು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದೆ, ಅಂದರೆ ದಿನಾ ಅಂಗಡಿಗಳಿಗೆ ಹೋಗಿ ಉಳಿತಾಯದ ಸಣ್ಣ ದುಡ್ಡು ಸಂಗ್ರಹಿಸುವ ಕೆಲಸ. ರಥಬೀದಿ, ಮಾರ್ಕೆಟ್, ಬಸ್ ಸ್ಟ್ಯಾಂಡ್ ಸುತ್ತಮುತ್ತ ದಿನಕ್ಕೆ ಎಂಬತ್ತು ತೊಂಬತ್ತು ಅಂಗಡಿ. ಸೊಸೈಟಿಗೆ ಹೊಸ ಸಾಫ್ಟ್‌ವೇರ್ ಬಂದಾಗ ಉಳಿದ ಏಜೆಂಟರಿಗೆ ಕಲೆಕ್ಷನ್ ದಾಖಲಿಸಿ ಚೀಟಿ ಕೊಡುವ ಮೆಷಿನ್ ಬಳಸಲು ಕಲಿಸಿದವಳು ನಾನೇ. ಅದನ್ನು ನೋಡಿದ ಸಾಫ್ಟ್‌ವೇರ್ ಕಂಪನಿಯವರು ಮಂಗಳೂರಿಗೆ ಸಪೋರ್ಟ್ ಕೆಲಸಕ್ಕೆ ಕರೆದರು. ಮೂರು ವರ್ಷ ಗ್ರಾಹಕರ ಫೋನ್ ಎತ್ತಿದೆ. ಈ ವರ್ಷ ಅಲ್ಲೇ ಪ್ರಾಡಕ್ಟ್ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ನಮ್ಮ ಮ್ಯಾನೇಜರ್ "ನೀವ್ಯಾಕೆ ಅರ್ಜಿ ಹಾಕಬಾರದು?" ಅಂದರು. ಇಂಟರ್‌ವ್ಯೂಗೆ ತಯಾರಾಗಲು ಈ ಕೋರ್ಸ್ ಸೇರಿದೆ.

ಮೊದಲ ಭಾನುವಾರ ಬೇಸರ ತಂದಿತು. ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕು ಮಂದಿ ಸಾಫ್ಟ್‌ವೇರ್‌ನವರು. ಉಳಿದ ಎಂಟು ಮಂದಿಗೆ "ಬೇರೆ ಹಿನ್ನೆಲೆಯವರು" ಅಂತ ಹೆಸರಿಟ್ಟು ಹಿಂದಿನ ಎರಡು ಮೇಜಿಗೆ ಕೂರಿಸಿದರು. ನನ್ನ ಪಕ್ಕದಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವರು. ಅವರಾಚೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಹುಡುಗ, ಹೋಟೆಲಿನ ಕ್ಯಾಶ್ ಕೌಂಟರ್ ನೋಡಿಕೊಳ್ಳುವ ಒಬ್ಬರು. ಎಲ್ಲರೂ ದಿನವಿಡೀ ಜನರ ಎದುರು ನಿಂತು ಕೆಲಸ ಮಾಡಿದವರು. ಹಿಂದೆ ಕೂರಿಸಬೇಕಾದವರು ಅಲ್ಲವೇ ಅಲ್ಲ. ಎರಡನೇ ವಾರ ನಾವು ಹೇಳಿದ ಮೇಲೆ ಮೇಜುಗಳನ್ನು ಬೆರೆಸಿದರು, ಅದಕ್ಕೆ ಧನ್ಯವಾದ.

ಪಾಠ ಮಾಡುವ ಸರ್ ಕುಂದಾಪುರ ಕಡೆಯವರು, ಬೆಂಗಳೂರಿನಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿದವರು. ಈ ಕೆಲಸ ಎಲ್ಲಿಂದ ಶುರುವಾಯಿತು ಅಂತ ಅವರು ಹೇಳಿದ ಪಾಠ ತುಂಬಾ ಇಷ್ಟವಾಯಿತು. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮ್ಯಾಕೆಲ್ರಾಯ್ ಎಂಬವರು ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದರು. ಅದೇ ಕಂಪನಿಯ ಐವರಿ ಸೋಪಿನ ನೆರಳಲ್ಲಿ ಕ್ಯಾಮೇ ಏಳುತ್ತಲೇ ಇರಲಿಲ್ಲ. ಒಂದೊಂದು ಬ್ರ್ಯಾಂಡಿಗೆ ಒಬ್ಬೊಬ್ಬರನ್ನು ಪೂರ್ತಿ ಹೊಣೆ ಮಾಡಿ, ಎಲ್ಲಿ ಮಾರಾಟ ಕಮ್ಮಿ ಇದೆಯೋ ಅಲ್ಲಿಗೆ ಅವರೇ ಹೋಗಿ ಯಾಕೆ ಅಂತ ತಿಳಿಯಲಿ ಎಂದು ಅವರು ಕಂಪನಿಗೆ ಪತ್ರ ಬರೆದರು. ಇವತ್ತಿನ ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಬೇರು ಆ ಪತ್ರದಲ್ಲಿದೆ ಅನ್ನುತ್ತಾರೆ. ಸೋಪು ಮಾರುವವರಿಂದ ಶುರುವಾದ ಕೆಲಸ ಇದು, ಕಂಪ್ಯೂಟರ್ ಆಮೇಲೆ ಬಂತು.

ಆವಾಗ ನಾನು ಎದ್ದು ನಿಂತು ನಮ್ಮ ಊರಿನ ಕಥೆ ಹೇಳಿದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಶುರು ಮಾಡಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕಷ್ಟದಲ್ಲಿದ್ದ ಕೈಮಗ್ಗದವರಿಗೆ ನೆರವಾಗಲಿ ಅಂತ ಹುಟ್ಟಿದ ಬ್ಯಾಂಕ್ ಅದು. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಾನೆ. ದಿನಗೂಲಿಯವರು ಬ್ಯಾಂಕಿಗೆ ಯಾಕೆ ಬರುವುದಿಲ್ಲ ಅಂತ ಯಾರೋ ಕೂತು ಯೋಚಿಸಿದ್ದಕ್ಕೇ ತಾನೇ ಅದು ಹುಟ್ಟಿದ್ದು? ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಸೊಸೈಟಿಗಳ ಪಿಗ್ಮಿ ಏಜೆಂಟರು ಇವತ್ತೂ ಬೆಳಿಗ್ಗೆ ಚೀಲ ಹಿಡಿದು ಹೊರಡುತ್ತಾರೆ. ಸರ್ ಇದನ್ನು ಬೋರ್ಡಿನ ಮೇಲೆ ಬರೆದುಕೊಂಡರು.

ಫೀಸಿನ ಪೂರ್ತಿ ಬೆಲೆ ನನಗೆ ಸಿಕ್ಕಿದ್ದು ಮೂರನೇ ಭಾನುವಾರ. ಪ್ರತಿಯೊಬ್ಬರೂ ಒಬ್ಬ ನಿಜವಾದ ಗ್ರಾಹಕರ ಒಂದು ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕಿತ್ತು.

ನಾನು ಮಲ್ಲಿಗೆ ಮಾರುವ ಒಬ್ಬ ಅಮ್ಮನ ಬಗ್ಗೆ ಬರೆದೆ. ಮಲ್ಲಿಗೆ ರೇಟು ದಿನಾ ಬದಲಾಗುತ್ತದೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, 20 ರೂಪಾಯಿ ಕೊಡುವುದೂ ಕಷ್ಟ. ಮದುವೆ ಸೀಸನ್‌ನಲ್ಲಿ ಅದೇ ಅಮ್ಮ 300 ಕೊಡುತ್ತಿದ್ದರು. ಮೆಷಿನ್ ಬಂದ ಎರಡು ತಿಂಗಳಿಗೆ ಅವರು ಪಿಗ್ಮಿ ನಿಲ್ಲಿಸಿದರು. ಕೇಳಿದರೆ ಮೊದಲು "ಸುಮ್ನೆ" ಅಂದರು. ನಾಲ್ಕು ದಿನ ಅದೇ ಜಾಗದಲ್ಲಿ ನಿಂತು ಮಾತಾಡಿಸಿದ ಮೇಲೆ ಹೇಳಿದರು: "ಮಗಾ, ಫೋನು ಮಗನ ಹತ್ರ ಉಂಟು. ನಾನು ದುಡ್ಡು ಕಟ್ಟುವುದು ಅವನಿಗೆ ಗೊತ್ತು. ಎಷ್ಟು ಆಗಿದೆ ಅಂತ ಗೊತ್ತಾಗಬಾರದು." ದುಡ್ಡು ಕಟ್ಟಿದಾಗಲೆಲ್ಲ ಫೋನಿಗೆ ಹೋಗುವ ಮೆಸೇಜಿನಲ್ಲಿ ಒಟ್ಟು ಎಷ್ಟು ಜಮೆಯಾಗಿದೆ ಅನ್ನುವುದೂ ಇರುತ್ತಿತ್ತು.

ನಾನು ಬರೆದ ವಾಕ್ಯ: "ಮೆಸೇಜ್ ನಿಲ್ಲಿಸುವ ಬಟನ್ ಬೇಕು." ಸರ್ ಅದನ್ನು ಹೊಡೆದು ಹಾಕಿದರು. "ಇದು ಬಟನ್. ಅಮ್ಮನ ತೊಂದರೆ ಎಲ್ಲಿದೆ?" ಇನ್ನೊಮ್ಮೆ ಬರೆದೆ, ಮತ್ತೆ ಹೊಡೆದರು. ಐದನೇ ಸಲ ಹೀಗೆ ಬರೆದೆ: "ತನ್ನ ಉಳಿತಾಯ ಎಷ್ಟಾಗಿದೆ ಅಂತ ಅಮ್ಮನಿಗೆ ಗೊತ್ತಿರಬೇಕು, ಮನೆಯವರಿಗೆ ಗೊತ್ತಾಗಬಾರದು." ಸರ್ ಪೆನ್ನು ಕೆಳಗಿಟ್ಟರು.

ಆಮೇಲೆ ಚರ್ಚೆ ಶುರುವಾಯಿತು. ಮುಂದಿನ ಮೇಜಿನ ಹುಡುಗರು "ಹಾಗಾದ್ರೆ ಮೆಸೇಜೇ ಬೇಡ" ಅಂದರು. ಇಲ್ಲಿ ನನ್ನ ಒಂಬತ್ತು ವರ್ಷ ಕೆಲಸಕ್ಕೆ ಬಂತು. ಏಜೆಂಟ್ ದುಡ್ಡು ತಗೊಂಡು ಖಾತೆಗೆ ಹಾಕದೇ ಇದ್ದರೆ ಗ್ರಾಹಕರಿಗೆ ತಿಳಿಯಲಿ ಅಂತ ಮೆಸೇಜ್ ಇಟ್ಟದ್ದು. ಅದು ಹೋದರೆ ಅಮ್ಮನಿಗೆ ರಕ್ಷಣೆಯೇ ಇಲ್ಲ. ಮೆಷಿನ್ ಕೊಡುವ ಚೀಟಿ ಇದೆಯಲ್ಲ ಅಂದರು. ಅದು ಬಿಸಿಗೆ ಅಕ್ಷರ ಮೂಡುವ ಕಾಗದ. ಅಮ್ಮ ಅದನ್ನು ಒದ್ದೆ ಬಾಳೆಎಲೆಯ ಜೊತೆ ಹೂವಿನ ಬುಟ್ಟಿಯಲ್ಲೇ ಇಡುತ್ತಿದ್ದರು. ಮೂರು ತಿಂಗಳಿಗೆ ಚೀಟಿ ಬೆಳ್ಳಗೆ, ಒಂದಕ್ಷರ ಇಲ್ಲ. ಕೊನೆಗೆ ನಾವು ಒಪ್ಪಿದ್ದು ಇದು: ಮೆಸೇಜಿನಲ್ಲಿ ಇವತ್ತು ಕಟ್ಟಿದ್ದು ಮತ್ತು ರಸೀದಿ ನಂಬರ್ ಮಾತ್ರ. ಒಟ್ಟು ಎಷ್ಟು ಅಂತ ಗ್ರಾಹಕರು ಕೇಳಿದರೆ ಏಜೆಂಟ್ ಮೆಷಿನ್‌ನಲ್ಲಿ ತೋರಿಸಬೇಕು, ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದು ಕೊಡಬೇಕು.

ಆ ಒಂದು ಗಂಟೆಯಲ್ಲಿ ಕಲಿತದ್ದನ್ನು ನಾನು ಒಬ್ಬಳೇ ಮನೆಯಲ್ಲಿ ಕೂತು ಕಲಿಯುತ್ತಿರಲಿಲ್ಲ. ಜನರ ಕಷ್ಟ ನನಗೆ ಗೊತ್ತಿತ್ತು. ಅದನ್ನು ಡೆವಲಪರ್‌ಗೆ ಅರ್ಥವಾಗುವ ಹಾಗೆ ಬರೆಯಲು ಗೊತ್ತಿರಲಿಲ್ಲ. ನರ್ಸ್ ಆಗಿದ್ದವರದ್ದೂ ಹಾಗೇ. ಶಿಫ್ಟ್ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ರೋಗಿಯ ವಿಷಯ ಹೇಳುತ್ತಾರಲ್ವಾ, ಅದರಲ್ಲಿ ಯಾವ ಮಾತು ಬಿಟ್ಟುಹೋಗುತ್ತದೆ ಅಂತ ಅವರು ಎರಡು ಪುಟ ಬರೆದರು. ಇಡೀ ಬ್ಯಾಚಿನಲ್ಲಿ ಅದೇ ಚೆನ್ನಾಗಿತ್ತು. ಸುಂದರ್ ಪಿಚೈ ಲೋಹಶಾಸ್ತ್ರ ಓದಿ 2004ರಲ್ಲಿ ಗೂಗಲ್‌ಗೆ ಪ್ರಾಡಕ್ಟ್ ಮ್ಯಾನೇಜರ್ ಆಗಿ ಸೇರಿದರು, ಆಫೀಸಿನವರು ಪರಸ್ಪರ ಮೆಸೇಜ್ ಮಾಡುವ ಸ್ಲ್ಯಾಕ್ ಆ್ಯಪ್ ಕಟ್ಟಿದ ಸ್ಟುವರ್ಟ್ ಬಟರ್‌ಫೀಲ್ಡ್ ಓದಿದ್ದು ತತ್ವಶಾಸ್ತ್ರ ಅಂತೆಲ್ಲ ಸ್ಲೈಡ್‌ನಲ್ಲಿ ತೋರಿಸಿದರು. ಕೇಳಲು ಚಂದ. ನನಗೆ ಧೈರ್ಯ ಕೊಟ್ಟದ್ದು ಮಾತ್ರ ಪಕ್ಕದಲ್ಲಿ ಕೂತು ಬರೆಯುತ್ತಿದ್ದ ಆ ನರ್ಸ್.

ಈಗ ದೂರು. ಐದು ಮತ್ತು ಆರನೇ ಭಾನುವಾರ ಪೂರ್ತಿ ಕೆಲಸದ ಪಟ್ಟಿ ಇಡುವ ಒಂದು ಸಾಫ್ಟ್‌ವೇರ್‌ನಲ್ಲಿ ಕಾರ್ಡ್ ಎಳೆಯುವುದು, ಬಣ್ಣ ಹಚ್ಚುವುದರಲ್ಲೇ ಹೋಯಿತು. ಅದನ್ನು ಆಫೀಸಿನಲ್ಲಿ ಅರ್ಧ ದಿನದಲ್ಲಿ ಕಲಿಯಬಹುದು. ಮೂರು ಅಣಕು ಇಂಟರ್‌ವ್ಯೂ ಅಂತ ಹೇಳಿದ್ದರು, ಆಗಿದ್ದು ಒಂದೇ. ಕೆಲಸ ಕೊಡಿಸಲು ಸಹಾಯ ಅಂದರೆ ಒಂದು ವಾಟ್ಸಾಪ್ ಗ್ರೂಪ್, ಅಷ್ಟೇ. ಅದನ್ನು ನಂಬಿ ಯಾರೂ ಇರುವ ಕೆಲಸ ಬಿಡಬೇಡಿ. ಪಾಠದ ಕಾಗದಗಳೆಲ್ಲ ಇಂಗ್ಲಿಷ್‌ನಲ್ಲೇ ಇದ್ದವು. ಐಸ್ ಪ್ಲಾಂಟಿನ ಹುಡುಗ ಅದಕ್ಕೇ ನಾಲ್ಕನೇ ವಾರ ನಿಲ್ಲಿಸಿದ. ಸರ್ ಚಹಾದ ಹೊತ್ತಿನಲ್ಲಿ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರು! ಅದನ್ನೇ ತರಗತಿಯಲ್ಲಿ ಹೇಳಿದ್ದರೆ ಆ ಹುಡುಗ ಉಳಿಯುತ್ತಿದ್ದ. ಇದು ನನಗೆ ಜಾಸ್ತಿ ನೋವು ಕೊಟ್ಟ ವಿಷಯ.

ಸಾಫ್ಟ್‌ವೇರ್ ಒಳಗೆ ಹೇಗೆ ನಡೆಯುತ್ತದೆ ಅನ್ನುವುದೂ ಇಲ್ಲಿ ಸಿಗುವುದಿಲ್ಲ. ಅದನ್ನು ನಾನು ಆಫೀಸಿನ ಡೆವಲಪರ್ ಪಕ್ಕ ಕೂತು ಕಲಿತೆ. ನೆಟ್‌ವರ್ಕ್ ಇಲ್ಲದ ಕಡೆ ಮಾಡಿದ ಕಲೆಕ್ಷನ್ ಸಂಜೆ ಸರ್ವರಿಗೆ ಹೋಗುವಾಗ ಒಂದೇ ರಸೀದಿ ಎರಡು ಸಲ ಯಾಕೆ ಬೀಳುತ್ತದೆ ಅಂತ ಅವರು ಚಿತ್ರ ಬರೆದು ತೋರಿಸಿದರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೆಲಸದಲ್ಲಿದ್ದು, ಜನರ ಜೊತೆ ವರ್ಷಗಟ್ಟಲೆ ಒಡನಾಡಿದವರು ಧಾರಾಳವಾಗಿ ಹೋಗಿ. ಈಗಷ್ಟೇ ಡಿಗ್ರಿ ಮುಗಿಸಿದವರು ಸ್ವಲ್ಪ ಕಾಯಿರಿ, ಬರೆಯಲು ಕೈಯಲ್ಲಿ ಒಂದು ಅನುಭವ ಬೇಕು. ನನ್ನ ಇಂಟರ್‌ವ್ಯೂ ಏಳನೇ ವಾರ ಆಯಿತು. ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆ ಮಲ್ಲಿಗೆ ಅಮ್ಮನ ಮೆಸೇಜಿನ ಬಗ್ಗೆಯೇ ಕೇಳಿದರು. ಒಂದನೇ ತಾರೀಕಿನಿಂದ ಹೊಸ ಜಾಗದಲ್ಲಿದ್ದೇನೆ. ಆ ಬದಲಾವಣೆ ಈಗ ಕೆಲಸದ ಪಟ್ಟಿಯಲ್ಲಿದೆ.

ಮುಂದಿನ ಬ್ಯಾಚ್ ದೀಪಾವಳಿ ಕಳೆದ ಮೇಲೆ. ಸೇರುವ ಮೊದಲು ಎರಡು ವಿಷಯ ಬಾಯಿಬಿಟ್ಟು ಕೇಳಿ: ಅಣಕು ಇಂಟರ್‌ವ್ಯೂ ಎಷ್ಟು, ಯಾವ ದಿನ? ಕನ್ನಡದಲ್ಲಿ ಬರೆದು ಕೊಟ್ಟರೆ ತಿದ್ದುತ್ತೀರಾ? ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ಹೋಗುವಾಗ ನಿಮ್ಮ ಹಳೆ ಕೆಲಸದ ಡೈರಿ, ಲೆಕ್ಕದ ಪುಸ್ತಕ ಏನಿದ್ದರೂ ಜೊತೆಗಿರಲಿ. ನಾನು ನನ್ನ ಹಳೆ ಪಿಗ್ಮಿ ಪುಸ್ತಕವನ್ನು ಮೂರನೇ ವಾರ ತಂದೆ, ಮೊದಲ ವಾರವೇ ತರಬೇಕಿತ್ತು.